ದೊಡ್ಡ ಬ್ಯಾಟರಿ, ಚಿಕ್ಕ ಬ್ಯಾಟರಿ

ಹಸಿರು ನಂಬರ್ ಪ್ಲೇಟಿನ ಕಾರೊಂದು ಬೀದಿಗೆ ಬಂತು ಅಂದರೆ ಎಲ್ಲರ ಬಾಯಲ್ಲೂ ಎರಡೇ ಪ್ರಶ್ನೆ. ‘ಒಂದ್ಸಲ ಚಾರ್ಜ್ ಮಾಡಿದ್ರೆ ಎಷ್ಟು ಓಡುತ್ತೆ?’ ಅನ್ನೋದು ಒಂದು. ‘ಬೆಂಕಿಗಿಂಕಿ ಹತ್ಕೊಳ್ಳಲ್ಲ ತಾನೆ?’ ಅನ್ನೋದು ಇನ್ನೊಂದು. ಹಾಲು ಹಾಕುವವನೂ ಇದನ್ನೇ ಕೇಳ್ತಾನೆ. ಮಗಳ ಮದುವೆಗೆ ಕರೆಯೋಕೆ ಬಂದವರೂ ಪತ್ರಿಕೆ ಕೊಟ್ಟು, ಕಾಫಿ ಕುಡಿದು, ಹೊರಡುವಾಗ ಗೇಟಿನ ಹತ್ತಿರ ನಿಂತು ಇದನ್ನೇ ಕೇಳ್ತಾರೆ. ಆದರೆ ಅಂಥ ಕಾರು ಇಟ್ಟುಕೊಂಡವರು ಇಬ್ಬರು ಒಂದು ಕಡೆ ಸೇರಲಿ ನೋಡಿ, ಮಾತು ಬೇರೆ ದಾರಿಯನ್ನೇ ಹಿಡಿಯುತ್ತೆ. ‘ನಿಮ್ಮನೇಲಿ ಅರ್ಥಿಂಗ್ ಹೇಗಿದೆ?’ ‘ಚಿಕ್ಕ ಬ್ಯಾಟರಿ ಬದಲಾಯಿಸಿದ್ರಾ?’ ‘ಅಪ್‌ಡೇಟ್ ಆದ್ಮೇಲೆ ಸ್ಕ್ರೀನ್ ಸರಿ ಇದೆಯಾ?’ ಪಕ್ಕದಲ್ಲಿ ನಿಂತವರಿಗೆ ಇದೇನು ಕಾರಿನ ಮಾತೋ, ಕರೆಂಟಿನವರ ಮಾತೋ ಅನ್ನಿಸಬೇಕು, ಅಲ್ವಾ?

ನೀವೂ ಈಗ ಅಂಥದ್ದೊಂದು ತಗೋಬೇಕು ಅಂತ ಮನೇಲಿ ಮಾತಾಡ್ಕೊಳ್ತಿದ್ದೀರಲ್ಲ, ಅದಕ್ಕೇ ಹೇಳ್ತೀನಿ. ಬೀದಿಯವರ ಪ್ರಶ್ನೆ ತಪ್ಪಲ್ಲ. ಆದರೆ ನಿಮ್ಮ ನಿದ್ದೆ ಕೆಡಿಸೋದು ಇಟ್ಟುಕೊಂಡವರ ಪ್ರಶ್ನೆಗಳೇ.

ಬೆಂಕಿಯ ವಿಷಯ ಮೊದಲು ಮುಗಿಸಿಬಿಡೋಣ. 2022ರ ಜೂನ್‌ನಲ್ಲಿ ಮುಂಬೈ ಹತ್ತಿರದ ವಸೈಯಲ್ಲಿ ಟಾಟಾ ನೆಕ್ಸಾನ್ ಎಲೆಕ್ಟ್ರಿಕ್ ಕಾರೊಂದು ಉರಿದದ್ದು ಎಲ್ಲರೂ ಫೋನಿನಲ್ಲಿ ನೋಡಿದ್ದೇ. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಕೇಂದ್ರ ಸರ್ಕಾರ ತನಿಖೆಗೆ ಹೇಳಿತು, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಆ ಕೆಲಸಕ್ಕೆ ಕೂತರು. ಅಮೆರಿಕದಲ್ಲಂತೂ 2021ರಲ್ಲಿ ಶೆವರ್ಲೆ ಬೋಲ್ಟ್ ಅನ್ನೋ ಕಾರನ್ನು ಒಂದೂ ಬಿಡದೆ ವಾಪಸ್ ಕರೆದರು, ಸುಮಾರು 1.4 ಲಕ್ಷ ಕಾರು! ಬ್ಯಾಟರಿಯ ಸೆಲ್ ಒಳಗೆ ಒಂದು ಪಟ್ಟಿ ಹರಿದಿತ್ತು, ನಡುವಿನ ಪೊರೆ ಮಡಚಿಕೊಂಡಿತ್ತು. ಎರಡು ತಪ್ಪೂ ಒಂದೇ ಸೆಲ್‌ನಲ್ಲಿ ಸೇರಿದರೆ ಬೆಂಕಿ. ಆಗ ಕಾರಿನ ಮಾಲೀಕರಿಗೆ ಕಂಪನಿ ಏನು ಹೇಳಿತು ಗೊತ್ತಾ? ಕಾರನ್ನು ಮನೆಯೊಳಗೆ ನಿಲ್ಲಿಸಬೇಡಿ, ಬೇರೆ ಕಾರುಗಳಿಂದ 50 ಅಡಿ ದೂರ ನಿಲ್ಲಿಸಿ ಅಂತ. 50 ಅಡಿ! ನಮ್ಮ 30-40 ಸೈಟಿನಲ್ಲಿ ಆ ಮಾತು ನಡೆಸಬೇಕು ಅಂದರೆ ಕಾರನ್ನು ಮೂರನೇ ಮನೆಯವರ ಅಂಗಳಕ್ಕೆ ಕಳಿಸಬೇಕು, ಅವರು ಸುಮ್ಮನಿರ್ತಾರಾ?

ಕೊರಿಯಾದ ಇಂಚಿಯಾನ್‌ನಲ್ಲಿ 2024ರ ಆಗಸ್ಟ್ 1ರಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಚಾರ್ಜಿಗೂ ಹಾಕದೆ ಸುಮ್ಮನೆ ನಿಂತಿದ್ದ ಮರ್ಸಿಡಿಸ್ ಕಾರಿಗೆ ಬೆಂಕಿ ಬಿತ್ತು. ಆರಿಸೋಕೆ ಸುಮಾರು ಎಂಟು ಗಂಟೆ ಬೇಕಾಯ್ತು. ಸುತ್ತಮುತ್ತ ಹತ್ತಾರು ಕಾರು ಸುಟ್ಟು ಹೋದವು. ಚಾವಣಿಯಿಂದ ನೀರು ಚಿಮುಕಿಸೋ ವ್ಯವಸ್ಥೆ ಇತ್ತು, ಆದರೆ ಅದನ್ನು ಯಾರೋ ಕೈಯಾರೆ ನಿಲ್ಲಿಸಿಬಿಟ್ಟಿದ್ದರು. ನನಗೆ ಹೊಟ್ಟೆ ಉರಿಯೋದು ಅದಕ್ಕೇ. ಕಾರಿನ ತಪ್ಪು ಎಷ್ಟೋ, ಕಟ್ಟಡದವರ ತಪ್ಪೂ ಅಷ್ಟೇ. ನಮ್ಮ ಅಪಾರ್ಟ್‌ಮೆಂಟ್‌ಗಳಲ್ಲೂ ಸಂಘದ ಸಭೆ ಸೇರಿ ‘ಎಲೆಕ್ಟ್ರಿಕ್ ಕಾರು ಬೇಸ್‌ಮೆಂಟಿಗೆ ಬೇಡ’ ಅಂತ ಕೂಗಾಡ್ತಾರೆ. ನೀರಿನ ಪೈಪಿನಲ್ಲಿ ನೀರಿದೆಯಾ ಅಂತ ಮಾತ್ರ ಒಬ್ಬರೂ ಹೋಗಿ ತಿರುಗಿಸಿ ನೋಡಲ್ಲ.

ಹಾಗಂತ ಈ ಕಾರುಗಳು ಪೆಟ್ರೋಲ್ ಕಾರಿಗಿಂತ ಜಾಸ್ತಿ ಉರಿಯುತ್ತವಾ? ಇಲ್ಲ. ಸ್ವೀಡನ್ ದೇಶದವರು ಲೆಕ್ಕ ಇಟ್ಟಿದ್ದಾರೆ. 2022ರಲ್ಲಿ ಅಲ್ಲಿ ಎಲೆಕ್ಟ್ರಿಕ್ ಕಾರಿಗೆ ಬೆಂಕಿ ಬಿದ್ದದ್ದು ಬೆರಳೆಣಿಕೆಯಷ್ಟು ಸಲ, ಪೆಟ್ರೋಲ್ ಡೀಸೆಲ್ ಕಾರಿಗೆ ಸಾವಿರಾರು ಸಲ. ಕಾರುಗಳ ಸಂಖ್ಯೆಗೆ ಹೋಲಿಸಿದರೂ ಎಲೆಕ್ಟ್ರಿಕ್ಕಿಗೇ ಕಮ್ಮಿ. ಅಲ್ಲಿನ ಪೆಟ್ರೋಲ್ ಕಾರುಗಳಲ್ಲಿ ಹಳೆಯವು ಹೆಚ್ಚು ಅನ್ನೋದನ್ನೂ ಸೇರಿಸಿ ಹೇಳಬೇಕು, ಅದೂ ನ್ಯಾಯವೇ. ಆದರೆ ಇದು ಉರಿದಾಗ ಆರಿಸೋದು ಕಷ್ಟ, ಆರಿತು ಅಂದುಕೊಂಡ ಮೇಲೆ ಮತ್ತೆ ಹೊತ್ತಿಕೊಳ್ಳುತ್ತೆ. ಅದಕ್ಕೇ ಸುದ್ದಿ ಆಗುತ್ತೆ.

ಸರಿ, ಈಗ ಇಟ್ಟುಕೊಂಡವರ ಮಾತಿಗೆ ಬರ್ತೀನಿ. ನೀವು ಕಾರಿನ ತಳದಲ್ಲಿ ಮಲಗಿರೋ ಆ ದೊಡ್ಡ ಬ್ಯಾಟರಿಗೆ ಲಕ್ಷಗಟ್ಟಲೆ ಕೊಡ್ತೀರಿ. ಎಂಟು ವರ್ಷ, 1.6 ಲಕ್ಷ ಕಿಲೋಮೀಟರ್ ಅಂತ ವಾರಂಟಿ ಕಾಗದ ತಂದು ಬೀರುವಿನಲ್ಲಿ ಇಡ್ತೀರಿ. ಆದರೆ ಬೆಳಗ್ಗೆ ಎದ್ದು ಆಫೀಸಿಗೆ ಹೊರಟಾಗ ಕೈ ಕೊಡೋದು ಯಾರು ಅಂದರೆ ಇನ್ನೊಂದು ಬ್ಯಾಟರಿ. ನಮ್ಮ ಮಾಮೂಲಿ 12 ವೋಲ್ಟಿನದು, ಹಳೇ ಪೆಟ್ರೋಲ್ ಕಾರಲ್ಲಿ ಇರುತ್ತಿತ್ತಲ್ಲ, ಅದೇ! ಬಾಗಿಲಿನ ಬೀಗ, ದೀಪ, ಪರದೆ, ಒಳಗಿನ ಕಂಪ್ಯೂಟರ್ ಎಲ್ಲಾ ಅದರಿಂದಲೇ ನಡೀಬೇಕು. ದೊಡ್ಡ ಬ್ಯಾಟರಿಯನ್ನು ಮೋಟರಿಗೆ ಜೋಡಿಸೋ ಸ್ವಿಚ್ಚನ್ನು ಒತ್ತೋದೂ ಅದೇ. ಅದು ಸತ್ತರೆ ದೊಡ್ಡದರಲ್ಲಿ ನೂರಕ್ಕೆ ತೊಂಬತ್ತು ಚಾರ್ಜ್ ಇದ್ದರೂ ಕಾರು ಕಣ್ಣೇ ಬಿಡಲ್ಲ. ಮದುವೆ ಮನೆಯಲ್ಲಿ ಮೂಟೆಗಟ್ಟಲೆ ದಿನಸಿ ಬಂದು ಬಿದ್ದಿದೆ, ಉಗ್ರಾಣದ ಬೀಗದ ಕೈ ಮಾತ್ರ ಸಿಕ್ತಿಲ್ಲ ಅನ್ನೋ ಪರಿಸ್ಥಿತಿ ನೋಡಿ.

ರಜಕ್ಕೆ ಊರಿಗೆ ಹೋಗಿ ಬಂದವರಿಗೆ ಇದು ಚೆನ್ನಾಗಿ ಗೊತ್ತು. ಕಾರು ಸುಮ್ಮನೆ ನಿಂತಿದೆ ಅಂತ ನಾವು ಅಂದುಕೊಳ್ತೀವಿ. ಊರಿನಲ್ಲಿ ಕೂತು ದಿನಕ್ಕೆ ಹತ್ತು ಸಲ ಫೋನಿನ ಆ್ಯಪ್ ತೆಗೆದು ಕಾರು ಹೇಗಿದೆ ಅಂತ ವಿಚಾರಿಸಿಕೊಳ್ತೀವಿ. ಪ್ರತಿ ಸಲ ಕೇಳಿದಾಗಲೂ ಆ ಕಂಪ್ಯೂಟರ್ ಎದ್ದು ಉತ್ತರ ಕೊಡಬೇಕಲ್ಲ, ಅದರ ಖರ್ಚು ಚಿಕ್ಕ ಬ್ಯಾಟರಿಯ ತಲೆ ಮೇಲೆ. ಅಜ್ಜಿ ತಾತನ ಯೋಗಕ್ಷೇಮ ಎರಡು ಸಲ ಕೇಳಿದ್ದರೆ ಹೆಚ್ಚು, ಕಾರಿನದು ಮಾತ್ರ ಗಂಟೆಗೊಂದು ಸಲ. ಏನು ಕಾಲ ಬಂತು, ಅಲ್ವಾ?

ನಮ್ಮ ಸೋದರಮಾವನ ಹಳೇ ಕಾರು ನೆನಪಾಗುತ್ತೆ. ಚಳಿಗಾಲದಲ್ಲಿ ಬ್ಯಾಟರಿ ಕುಂತಿತು ಅಂದರೆ ಅವರು ಸ್ಟೀರಿಂಗ್ ಹಿಡಿದು ಕೂತು ‘ಬರ್ರೋ ಹುಡುಗ್ರಾ’ ಅಂತ ಒಂದು ಕೂಗು ಹಾಕೋರು. ವಠಾರದ ಹುಡುಗರೆಲ್ಲ ಓಡಿ ಬಂದು ತಳ್ಳೋರು. ಇಳಿಜಾರಿನಲ್ಲಿ ಅದು ಎರಡು ಸಲ ಕೆಮ್ಮಿ, ಮೂರನೇ ಸಲಕ್ಕೆ ಹೊಗೆ ಬಿಟ್ಟು ಹೊರಟೇಬಿಡೋದು. ತಳ್ಳಿದವರಿಗೆಲ್ಲ ಬನ್ನು. ಆ ಬನ್ನಿನ ಆಸೆಗೆ ಕಾರು ಇವತ್ತೂ ಸ್ಟಾರ್ಟ್ ಆಗದೇ ಇರಲಿ ಅಂತ ಬೇಡಿಕೊಂಡ ಹುಡುಗರೂ ಇದ್ದರು. ಎಲೆಕ್ಟ್ರಿಕ್ ಕಾರಿಗೆ ಆ ಭಾಗ್ಯ ಇಲ್ಲ. ತಳ್ಳಿದರೆ ಸ್ಟಾರ್ಟ್ ಆಗಲ್ಲ. ಚಕ್ರ ನೆಲಕ್ಕೆ ತಾಗಿಸಿಕೊಂಡು ಹಗ್ಗ ಕಟ್ಟಿ ಎಳೆಯೋ ಹಾಗೂ ಇಲ್ಲ, ಚಕ್ರ ತಿರುಗಿದರೆ ಮೋಟರ್ ತಿರುಗಿ ಕರೆಂಟ್ ಹುಟ್ಟಿ ಇನ್ನೊಂದು ಅನಾಹುತ. ಬೆನ್ನ ಮೇಲೆ ಹೊತ್ತುಕೊಂಡು ಹೋಗೋ ಲಾರಿಯನ್ನೇ ಕರೆಸಬೇಕು. ಅದು ನಿಮ್ಮ ಸಂದಿಯೊಳಗೆ ತಿರುಗುತ್ತಾ ಅನ್ನೋದನ್ನೂ ಕಾರು ಕೊಳ್ಳುವ ಮೊದಲೇ ನೋಡಿಟ್ಟುಕೊಳ್ಳಿ.

ಚಿಕ್ಕದು ತಾನಾಗಿ ಸತ್ತರೆ ಬದಲಾಯಿಸಬಹುದು. ಅದಕ್ಕೆ ಊಟ ಹಾಕೋ ಯಂತ್ರವೇ ಕೆಟ್ಟರೆ? ಹ್ಯುಂಡೈ ಐಯಾನಿಕ್ 5, ಕಿಯಾ ಇವಿ6 ಕಾರುಗಳಲ್ಲಿ ಆದದ್ದು ಅದೇ. ದೊಡ್ಡ ಬ್ಯಾಟರಿಯಿಂದ ಚಿಕ್ಕದಕ್ಕೆ ಕರೆಂಟ್ ಕೊಡೋ ಐಸಿಸಿಯು ಅನ್ನೋ ಡಬ್ಬಿಯೊಳಗಿನ ಭಾಗಗಳು ಸುಟ್ಟು ಹೋಗ್ತಿದ್ದವು. ಮಾಲೀಕರು ಹೇಳೋದು ಎಲ್ಲಾ ಕಡೆ ಒಂದೇ ಕಥೆ. ಹೋಗ್ತಾ ಹೋಗ್ತಾ ಹಿಂದಿನ ಸೀಟಿನ ಕಡೆಯಿಂದ ‘ಟಪ್’ ಅಂತ ಒಂದು ಶಬ್ದ. ಟೈರಿಗೆ ಕಲ್ಲು ಸಿಡಿಯಿತೇನೋ ಅಂದುಕೊಳ್ಳೋಷ್ಟರಲ್ಲಿ ಪರದೆ ಮೇಲೆ ಎಚ್ಚರಿಕೆ, ಆಮೇಲೆ ವೇಗ ಇಳಿಯುತ್ತೆ, ಆಮೇಲೆ ಕಾರು ನಿಲ್ಲುತ್ತೆ. ಹೈವೇ ಮಧ್ಯದಲ್ಲಿ, ಹಿಂದೆ ಲಾರಿ ಬರ್ತಿರೋವಾಗ! 2024ರ ಜೂನ್‌ನಲ್ಲಿ ನಮ್ಮ ದೇಶದಲ್ಲೇ 1,744 ಐಯಾನಿಕ್ 5 ಕಾರುಗಳನ್ನು ಇದಕ್ಕಾಗಿ ವಾಪಸ್ ಕರೆದರು, ಮುಂದಿನ ತಿಂಗಳು 1,138 ಇವಿ6 ಕಾರುಗಳನ್ನು. 2025ರಲ್ಲಿ ಇವಿ6ಗೆ ಇನ್ನೊಂದು ಸಲ ಕರೆ ಬಂತು. ಒಂದು ಸಲ ಕರೆದಾಗ ಹೋಗಿ ಬಂದೆ, ಇನ್ನೇನು ಅಂತ ಸುಮ್ಮನಿರಬಾರದು ಅನ್ನೋದು ಇದರಿಂದ ಗೊತ್ತಾಗುತ್ತೆ.

ಇನ್ನು ಬಾಗಿಲಿನ ಕಥೆ ಕೇಳಿ. ಟೆಸ್ಲಾ ಕಾರಿನ ಬಾಗಿಲ ಹಿಡಿ ಕರೆಂಟಿನದು. ಅಮೆರಿಕದ ವಾಹನ ಸುರಕ್ಷತಾ ಇಲಾಖೆಯವರು 2025ರ ಸೆಪ್ಟೆಂಬರ್‌ನಲ್ಲಿ 2021ರ ಮಾಡೆಲ್ ವೈ ಮೇಲೆ ವಿಚಾರಣೆ ಶುರು ಮಾಡಿದರು, ಸುಮಾರು 1.74 ಲಕ್ಷ ಕಾರು. ಮಗುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬಾಗಿಲು ಹಾಕಿಕೊಂಡು ತಾಯಿ ಮುಂದೆ ಬರೋಷ್ಟರಲ್ಲಿ ಚಿಕ್ಕ ಬ್ಯಾಟರಿ ಸೊರಗಿ ಹೊರಗಿನ ಹಿಡಿ ಕೆಲಸ ಮಾಡದೆ ಹೋಗುತ್ತೆ. ಮಗು ಒಳಗೆ, ಹೆತ್ತವರು ಹೊರಗೆ. ಇಲಾಖೆಗೆ ಬಂದ ದೂರುಗಳಲ್ಲಿ ನಾಲ್ಕು ಕಡೆ ಗಾಜು ಒಡೆದೇ ಒಳಗೆ ಹೋಗಬೇಕಾಯ್ತಂತೆ. ಒಳಗಿನಿಂದ ಕೈಯಲ್ಲಿ ಎಳೆದು ತೆಗೆಯೋ ಉಪಾಯ ಇದೆ, ಆದರೆ ಸೀಟಿಗೆ ಕಟ್ಟಿದ ಎರಡು ವರ್ಷದ ಕೂಸಿಗೆ ಅದನ್ನು ಹೇಳಿಕೊಡೋರು ಯಾರು? ನಮ್ಮ ಅಜ್ಜಿ ಕಾಲದ ಚಿಲಕ ಶಬ್ದ ಮಾಡ್ತಿತ್ತು ನಿಜ, ಆದರೆ ಎಳೆದರೆ ಬರ್ತಿತ್ತು. ಚೀನಾದವರು 2027ರಿಂದ ಹೊಸ ಕಾರುಗಳಿಗೆ ಒಳಗೂ ಹೊರಗೂ ಕೈಯಲ್ಲೇ ತೆಗೆಯೋಕೆ ಬರುವ ಹಿಡಿ ಇರಲೇಬೇಕು ಅಂತ ನಿಯಮ ಮಾಡಿದ್ದಾರೆ. ನಮ್ಮಲ್ಲೂ ಬರಬೇಕು ಕಣ್ರೀ, ನಾಳೆ ಅಲ್ಲ, ಇವತ್ತೇ.

ಅರ್ಥಿಂಗ್ ಅಂದೆನಲ್ಲ, ಅದನ್ನು ಮರೆಯೋ ಮೊದಲು ಹೇಳಿಬಿಡ್ತೀನಿ. ಈ ಕಾರು ಫ್ರಿಜ್ಜಿನಂತಲ್ಲ, ಅರ್ಥಿಂಗ್ ಸರಿ ಇಲ್ಲದಿದ್ದರೆ ಚಾರ್ಜ್ ಆಗೋದೇ ಇಲ್ಲ ಅಂತ ಕೂತುಬಿಡುತ್ತೆ. ಕಾರು ಕೆಟ್ಟಿದೆ ಅಂತ ಸರ್ವಿಸ್ ಸೆಂಟರಿಗೆ ಹೋದರೆ ಅಲ್ಲಿ ಚೆನ್ನಾಗಿ ಚಾರ್ಜ್ ಆಗುತ್ತೆ, ಮನೆಗೆ ತಂದರೆ ಮತ್ತೆ ಕೆಂಪು ದೀಪ. ಗಂಡ ಹೆಂಡತಿ ನಡುವೆ ಎಷ್ಟು ಮಾತು ಬೆಳೆದಿರುತ್ತೋ! ಕೊನೆಗೆ ಎಲೆಕ್ಟ್ರಿಷಿಯನ್ ಬಂದು ಮನೆ ಕಟ್ಟಿದಾಗ ಅರ್ಥಿಂಗಿಗೆ ತೋಡಿದ ಗುಂಡಿ ಹುಡುಕ್ತಾನೆ. ಅದರ ಮೇಲೆ ದಾಸವಾಳದ ಕುಂಡ ಕೂತಿರುತ್ತೆ. ಮುಚ್ಚಳ ತೆಗೆದರೆ ಒಳಗೆಲ್ಲ ಒಣಗಿ ಬಿರುಕು. ಉಪ್ಪು, ಇದ್ದಿಲು ಹಾಕಿ ನಾಲ್ಕು ಬಿಂದಿಗೆ ನೀರು ಹೊಯ್ದರೆ, ಅಷ್ಟು ಲಕ್ಷದ ಕಾರು ಏನೂ ಆಗೇ ಇಲ್ಲವೇನೋ ಅನ್ನೋ ಹಾಗೆ ಚಾರ್ಜ್ ಆಗೋಕೆ ಶುರು ಮಾಡುತ್ತೆ. ನಮ್ಮನೇಲಿ ಬೇಸಿಗೆ ಬಂತು ಅಂದರೆ ತುಳಸಿಗೆ ನೀರು ಹಾಕಿದ ಮೇಲೆ ಆ ಗುಂಡಿಗೂ ಒಂದು ಚೆಂಬು ಹಾಕೋದು ಪದ್ಧತಿಯೇ ಆಗಿದೆ.

ಪ್ಲಗ್ಗಿನ ವಿಷಯವೂ ಅಷ್ಟೇ. ಗೀಸರಿಗೆ ಹಾಕಿದ ಸಾಕೆಟ್ಟು ದಿನಕ್ಕೆ ಅರ್ಧ ಗಂಟೆ ಕೆಲಸ ಮಾಡೋಕೆ ಹುಟ್ಟಿದ್ದು. ಅದರಿಂದ ಎಂಟು ಗಂಟೆ ಒಂದೇ ಸಮನೆ 15 ಆಂಪಿಯರ್ ಎಳೆದರೆ ಸಡಿಲಾದ ಕಡೆ ಬಿಸಿಯಾಗಿ ಕರಗುತ್ತೆ. ಕಪ್ಪಾದ ಪ್ಲಗ್ಗಿನ ಫೋಟೋ ತೋರಿಸದ ಮಾಲೀಕರೇ ಕಡಿಮೆ. ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಹಾಕಿದವರ ಮನೆ ಕಥೆ ಕೇಳಿದರೆ ಎದೆ ಝಲ್ ಅನ್ನುತ್ತೆ.

ಬೆಂಗಳೂರಿಗೇನು ಈ ಕಾರು ಹೊಸದಾ? 2001ರಲ್ಲೇ ಚೇತನ್ ಮೈನಿಯವರ ರೇವಾ ಬಂದಿತ್ತಲ್ಲ, ಬೊಮ್ಮಸಂದ್ರದಲ್ಲಿ ಹುಟ್ಟಿದ್ದು. ಅದರಲ್ಲಿ ಲಿಥಿಯಂ ಗಿಥಿಯಂ ಇರಲಿಲ್ಲ, 6 ವೋಲ್ಟಿನ ಎಂಟು ಸೀಸದ ಬ್ಯಾಟರಿ. ಒಂದು ಚಾರ್ಜಿಗೆ 80 ಕಿಲೋಮೀಟರ್. ಜಯನಗರದಲ್ಲಿ ನಮ್ಮ ಪರಿಚಯದವರ ಮನೆ ಮುಂದೆ ಒಂದು ಇತ್ತು. ಆ ಯಜಮಾನರು ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕೋದನ್ನು ಸಂಧ್ಯಾವಂದನೆಯಷ್ಟೇ ಶ್ರದ್ಧೆಯಿಂದ ಮಾಡೋರು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು, ಕೂತರೆ ಇಳಿಯೋಕೆ ಮನಸ್ಸು ಬರ್ತಿರಲಿಲ್ಲ. ಅದೇ ಕಾರು ಲಂಡನ್ನಿಗೆ ಹೋಗಿ ಜಿ-ವಿಜ್ ಅಂತ ಹೆಸರು ಪಡೆಯಿತು. ಅಲ್ಲಿ ಅದನ್ನು ಕಾರು ಅಂತ ಲೆಕ್ಕಕ್ಕೇ ತಗೊಳ್ಳದೆ ಹಗುರ ವಾಹನಗಳ ಗುಂಪಿಗೆ ಸೇರಿಸಿದ್ದರಿಂದ ಕಾರುಗಳ ಡಿಕ್ಕಿ ಪರೀಕ್ಷೆ ಅದಕ್ಕೆ ಕಡ್ಡಾಯ ಇರಲಿಲ್ಲ. 2007ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದು ಪರೀಕ್ಷೆ ಮಾಡಿಸಿದಾಗ ದೊಡ್ಡ ಗಲಾಟೆಯೇ ಆಯ್ತು. ಅಲ್ಲಿಂದ ಇಲ್ಲಿಗೆ ಎಷ್ಟು ದೂರ ಬಂದಿದ್ದೀವಿ ನೋಡಿ. 2024ರ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ನೆಕ್ಸಾನ್ ಎಲೆಕ್ಟ್ರಿಕ್ಕಿಗೂ ಪಂಚ್ ಎಲೆಕ್ಟ್ರಿಕ್ಕಿಗೂ ಐದಕ್ಕೆ ಐದು ಸ್ಟಾರ್ ಬಂದವು. ಗುದ್ದಿದರೆ ಕಾಪಾಡೋ ಶಕ್ತಿ ಬಂದಿದೆ, ಸಂತೋಷ. ದಿನವೂ ನೆಮ್ಮದಿಯಾಗಿ ಓಡಾಡಿಸೋದು ಬೇರೆ ವಿಷಯ.

ಮಡಿಕೇರಿ ಕಡೆಯವರು ಒಂದು ವಿಚಿತ್ರ ಹೇಳ್ತಾರೆ. ಬೆಟ್ಟದ ಮೇಲೆ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಸಂಪಾಜೆ ಘಾಟಿ ಇಳಿಯೋಕೆ ಹೊರಟರೆ, ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಹಿಡಿದು ನಿಲ್ಲಿಸುತ್ತಿದ್ದ ಕಾರು ಅವತ್ತು ಹಿಡಿಯೋದೇ ಇಲ್ಲ. ಇಳಿಜಾರಿನಲ್ಲಿ ಹುಟ್ಟೋ ಕರೆಂಟನ್ನು ತುಂಬಿಸೋಕೆ ಬ್ಯಾಟರಿಯಲ್ಲಿ ಜಾಗ ಎಲ್ಲಿದೆ? ಬ್ರೇಕ್ ಕೆಟ್ಟಿತು ಅಂತ ಗಾಬರಿಯಾಗ್ತಾರೆ. ಕೆಟ್ಟಿರಲ್ಲ, ಪೆಡಲ್ ಒತ್ತಿದರೆ ಮಾಮೂಲಿ ಬ್ರೇಕ್ ಹಿಡಿಯುತ್ತೆ. ಆದರೆ ಗೊತ್ತಿಲ್ಲದವರಿಗೆ ಆ ಮೊದಲ ತಿರುವು ಸಾಕು, ಮನೆ ದೇವರು ನೆನಪಾಗೋಕೆ. ಘಾಟಿ ಇಳಿಯೋದಿದ್ದರೆ ಎಂಬತ್ತಕ್ಕೆ ನಿಲ್ಲಿಸಿ, ಅಷ್ಟೇ.

ಇಲಿಗಳಿಗೆ ಮಾತ್ರ ಪೆಟ್ರೋಲ್, ಕರೆಂಟ್ ಅನ್ನೋ ಭೇದ ಇಲ್ಲ. ಬಾನೆಟ್ಟಿನೊಳಗೆ ಹೊಗೆಸೊಪ್ಪು ಇಡಿ, ನುಸಿಗುಳಿಗೆ ಇಡಿ, ಬಂದೇ ಬರ್ತವೆ. ಆದರೆ ಕಿತ್ತಳೆ ಬಣ್ಣದ ವೈರ್ ಕಚ್ಚಿದ್ದು ಕಂಡರೆ ಮೂಲೆ ಗ್ಯಾರೇಜಿನವನಿಗೆ ‘ಸ್ವಲ್ಪ ಟೇಪ್ ಸುತ್ತಪ್ಪ’ ಅಂತ ಹೇಳಲೇಬೇಡಿ. ಅದರಲ್ಲಿ ಹರಿಯೋದು 300, 400 ವೋಲ್ಟು, ಪ್ರಾಣಕ್ಕೇ ಬರುತ್ತೆ. ಮಳೆ ನೀರಿಗೆ ಅಷ್ಟು ಹೆದರಬೇಕಾಗಿಲ್ಲ. ಐಪಿ67 ಅಂತ ಬರೆದಿರೋ ಬ್ಯಾಟರಿ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆದುಕೊಳ್ಳಬೇಕು. ಕಡಲ ನೀರು ಮಾತ್ರ ಬೇರೆ. 2022ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಚಂಡಮಾರುತ ಬಂದು ಉಪ್ಪುನೀರಿನಲ್ಲಿ ಮುಳುಗಿದ ಕಾರುಗಳು ನೀರಿಳಿದ ಎಷ್ಟೋ ದಿನದ ಮೇಲೆ ಹೊತ್ತಿಕೊಂಡವು. ಕರಾವಳಿಯ ನೆಂಟರಿಗೆ ಇದನ್ನು ತಪ್ಪದೆ ಹೇಳಿ.

ಹಾಗಾದರೆ ಈ ಕಾರುಗಳನ್ನು ನಂಬೋದಾ ಬೇಡವಾ? ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್‌ನವರು ಮಾಲೀಕರನ್ನು ಕೇಳಿ 2023ರಲ್ಲಿ ಹೇಳಿದ್ದು, ಪೆಟ್ರೋಲ್ ಕಾರಿಗಿಂತ ಎಲೆಕ್ಟ್ರಿಕ್ಕಿನಲ್ಲಿ ಶೇ 79ರಷ್ಟು ಹೆಚ್ಚು ತೊಂದರೆ ಅಂತ. ಮರುವರ್ಷ ಅದು ಶೇ 42ಕ್ಕೆ ಇಳಿಯಿತು. ಜರ್ಮನಿಯ ವಾಹನ ಮಾಲೀಕರ ಸಂಘ ಎಡಿಎಸಿ ಇದಕ್ಕೆ ತದ್ವಿರುದ್ಧ ಲೆಕ್ಕ ಕೊಡುತ್ತೆ. ಎರಡರಿಂದ ನಾಲ್ಕು ವರ್ಷ ಹಳೆಯ ಕಾರುಗಳಲ್ಲಿ ದಾರಿ ಮಧ್ಯೆ ನಿಂತು ಸಹಾಯಕ್ಕೆ ಕರೆದದ್ದು 2024ರಲ್ಲಿ ಸಾವಿರಕ್ಕೆ 4.2 ಎಲೆಕ್ಟ್ರಿಕ್, 10.4 ಪೆಟ್ರೋಲ್ ಡೀಸೆಲ್. ಇಬ್ಬರೂ ಸುಳ್ಳು ಹೇಳ್ತಿಲ್ಲ. ಅಮೆರಿಕದವರು ಪರದೆ, ಬಾಗಿಲು, ಚಾರ್ಜರ್ ಸೇರಿಸಿ ಎಲ್ಲಾ ತಕರಾರು ಎಣಿಸಿದರು. ಜರ್ಮನಿಯವರು ರಸ್ತೆಯಲ್ಲಿ ನಿಂತದ್ದನ್ನು ಮಾತ್ರ ಎಣಿಸಿದರು. ಅಲ್ಲೂ ಹೆಚ್ಚು ಸಲ ನಿಲ್ಲಿಸಿದ್ದು ಯಾರು ಅಂದುಕೊಂಡ್ರಿ? ಅದೇ 12 ವೋಲ್ಟಿನ ಚಿಕ್ಕದು! ಮೋಟರ್ ಗಟ್ಟಿ, ದೊಡ್ಡ ಬ್ಯಾಟರಿ ಸಾಮಾನ್ಯವಾಗಿ ಗಟ್ಟಿ. ಅವುಗಳ ಸುತ್ತ ಅವಸರದಲ್ಲಿ ಕಟ್ಟಿದ ಸಣ್ಣಪುಟ್ಟದ್ದೇ ಸೊಟ್ಟ.

ನನಗೆ ಬೇಜಾರಾಗೋದು ಇನ್ನೊಂದಕ್ಕೆ. ಸರ್ವಿಸ್ ಸೆಂಟರಿನಲ್ಲಿ ‘ನಿಮ್ಮೊಬ್ಬರದೇ ಸರ್ ಈ ಪ್ರಾಬ್ಲಂ’ ಅನ್ನೋ ಮಾತು ಇದೆಯಲ್ಲ, ಅದು ಎಲ್ಲರಿಗೂ ಹೇಳೋ ಮಾತು. ನಮ್ಮ ಕಾರಿಗೂ ಹೇಳಿದ್ದರು. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ಕಳಿಸ್ತಾರೆ, ತೊಂದರೆ ಏನಿತ್ತು ಅಂತ ಕಾಗದದ ಮೇಲೆ ಒಂದು ಸಾಲೂ ಇರಲ್ಲ. ಬಾಯಿಮಾತಿನ ದೂರು ಗಾಳಿಗೆ ಹೋಯ್ತು. 2021ರಲ್ಲಿ ದೆಹಲಿಯ ನೆಕ್ಸಾನ್ ಎಲೆಕ್ಟ್ರಿಕ್ ಮಾಲೀಕರೊಬ್ಬರು, ಒಂದು ಚಾರ್ಜಿಗೆ 312 ಕಿಲೋಮೀಟರ್ ಅಂದದ್ದು 200 ಕೂಡ ಓಡ್ತಿಲ್ಲ ಅಂತ ಬರೆದು ಕೊಟ್ಟರು. ಇಂಥ ದೂರುಗಳ ಮೇಲೆ ಅಲ್ಲಿನ ಸರ್ಕಾರ ಆ ಕಾರಿನ ಸಬ್ಸಿಡಿಯನ್ನೇ ತಡೆಹಿಡಿಯಿತು. ಕಂಪನಿಯವರು ಹೈಕೋರ್ಟಿಗೆ ಹೋಗಿ ತಡೆ ತಂದರು ಅನ್ನೋದು ಬೇರೆ. ಆದರೆ ಬರೆದ ದೂರಿಗೆ ಎಷ್ಟು ತೂಕ ಅನ್ನೋದು ಗೊತ್ತಾಯ್ತಲ್ಲ. 2021ರ ಏಪ್ರಿಲ್‌ನಿಂದ ನಮ್ಮಲ್ಲೂ ಕಾನೂನಿದೆ. ಒಂದೇ ದೋಷದ ಬಗ್ಗೆ ಬರೋ ದೂರುಗಳು ಮಿತಿ ದಾಟಿದರೆ ವಾಹನಗಳನ್ನು ವಾಪಸ್ ಕರೆಯಿರಿ ಅಂತ ಸರ್ಕಾರವೇ ಆದೇಶ ಮಾಡಬಹುದು, ಒಂದು ಕೋಟಿ ರೂಪಾಯಿವರೆಗೂ ದಂಡ ಹಾಕಬಹುದು. ದೂರು ಕೊಡೋಕೆ ವಾಹನ್ ಪೋರ್ಟಲಿನಲ್ಲೇ ಜಾಗ ಇದೆ.

ಆದ್ದರಿಂದ ಕಾರು ತಗೊಳ್ಳಿ, ನಾನು ಬೇಡ ಅನ್ನಲ್ಲ. ಬುಕ್ ಮಾಡೋ ಮೊದಲು ಮನೆಯ ಅರ್ಥಿಂಗ್ ನೋಡಿಸಿ, ಬೇರೆ ಲೈನ್ ಎಳೆಸಿ ಗಟ್ಟಿ ಸಾಕೆಟ್ ಹಾಕಿಸಿ. ಬಂದ ದಿನವೇ ಕರೆಂಟಿಲ್ಲದೆ ಬಾಗಿಲು ತೆಗೆಯೋದು ಹೇಗೆ ಅಂತ ಮನೆಯವರೆಲ್ಲರಿಗೂ, ಮಕ್ಕಳಿಗೂ ಕೈಯಲ್ಲಿ ಮಾಡಿಸಿ ಕಲಿಸಿ. ಚಿಕ್ಕ ಬ್ಯಾಟರಿಯನ್ನು ಸರ್ವಿಸ್ಸಿಗೆ ಬಿಟ್ಟಾಗಲೆಲ್ಲ ಪರೀಕ್ಷೆ ಮಾಡಿಸಿ. ಕಾರು ಏನಾದರೂ ತಕರಾರು ಮಾಡಿದರೆ ಜಾಬ್ ಕಾರ್ಡಿನಲ್ಲಿ ಬರೆಸದೆ ಅಲ್ಲಿಂದ ಏಳಬೇಡಿ, ಪೋರ್ಟಲಿನಲ್ಲೂ ಹಾಕಿ. ನಿಮ್ಮೊಬ್ಬರ ದೂರು ಇನ್ನೊಂದು ಊರಿನ ಯಾರದೋ ಮಗುವನ್ನು ಹೈವೇ ಮಧ್ಯದಲ್ಲಿ ಕಾಪಾಡಬಹುದು.